ಮೆಸ್ಸಿನ ಸಾರನ್ನು ಬಯ್ಯುವ ಮೊದಲು

ಪುಟ್ಟಾ, ಹಾಸ್ಟೆಲ್ ಸೇರಿದಾಗಿನಿಂದ ನೀನು ಫೋನಿನಲ್ಲಿ ಓದಿನ ಸುದ್ದಿ ಎತ್ತಿದ್ದಕ್ಕಿಂತ ಮೆಸ್ಸಿನ ಸಾರಿನ ಸುದ್ದಿ ಎತ್ತಿದ್ದೇ ಜಾಸ್ತಿ. ನಿನ್ನಮ್ಮ ಅದನ್ನೆಲ್ಲ ಕೇಳಿ, ತಾನೂ ಸರಿಯಾಗಿ ಉಣ್ಣದೆ, "ಅಕ್ಕಾ, ಮಗು ಒಣಗಿ ಹೋಗ್ತಿದ್ದಾನೆ" ಅಂತ ನನಗೆ ಫೋನ್ ಮಾಡುತ್ತಾಳೆ. ನೀನು ಕಳಿಸಿದ ಫೋಟೋದಲ್ಲಿ ಒಣಗಿದ ಲಕ್ಷಣವೇನೂ ನನಗೆ ಕಾಣಲಿಲ್ಲ. ಇರಲಿ. ಮಕ್ಕಳಿಗೆ ಮನಃಶಾಸ್ತ್ರ ಪಾಠ ಹೇಳಿ ನಿವೃತ್ತಳಾದ ದೊಡ್ಡಮ್ಮ ಒಬ್ಬಳಿದ್ದಾಳಲ್ಲ, ಅವಳದ್ದೂ ಎರಡು ಮಾತು ಕೇಳು.

ಸಾರು ಕೆಟ್ಟದಾಗಿದ್ದರೆ ಮುಖ ಕಿವುಚುವ ಬದಲು, ಎಲ್ಲಿ ಕೆಟ್ಟಿದೆ ಅಂತ ನೋಡು. ತಟ್ಟೆಗೆ ಬಿದ್ದ ಕೂಡಲೇ ನೀರು ಒಂದು ಕಡೆ, ಬೇಳೆ ಒಂದು ಕಡೆ ಆಗುತ್ತದಾ? ಬೇಳೆ ಕರಗುವ ಹಾಗೆ ಬೆಂದಿಲ್ಲ. ಹುಣಸೆಹುಳಿ ಹಸಿಹಸಿಯಾಗಿ ನಾಲಿಗೆಗೆ ಹತ್ತುತ್ತದಾ? ಹುಳಿ ಕುದಿಯುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಖಾರವಿದೆ, ಘಮವಿಲ್ಲ ಅಂದರೆ ಪುಡಿ ಹಳೆಯದು. ಕಹಿ ಹೊಡೆದರೆ ಒಗ್ಗರಣೆ ಸೀದಿದೆ. ಹುಟ್ಟಿದಾಗಿನಿಂದ ನಿನ್ನಮ್ಮನ ಕೈಯ ಸಾರು ಉಂಡೆಯಲ್ಲ, ಅದಕ್ಕೆ ಇಂಗು ಹಾಕುತ್ತಾಳೆ ಅಂತ ಒಂದು ದಿನವಾದರೂ ಗಮನಿಸಿದ್ದೆಯಾ? ಇಂಗಿಲ್ಲದ ಸಾರು ಬಾಯಿಗೆ ಬಿದ್ದ ಮೇಲೆ ತಾನೇ, "ದೊಡ್ಡಮ್ಮಾ, ಇದರಲ್ಲಿ ಏನೋ ಇಲ್ಲ" ಅಂತ ನೀನು ಹೇಳಿದ್ದು! ಇಂಗು ತೆಂಗು ಇದ್ದರೆ ಮಂಗವೂ ಅಡುಗೆ ಮಾಡುತ್ತದಂತೆ. ನಿಮ್ಮ ಮೆಸ್ಸಿನ ಭಟ್ಟರಿಗೆ ಆ ಎರಡೂ ಕೈತುಂಬ ಸಿಗಲಿಕ್ಕಿಲ್ಲ, ಅವರನ್ನು ಬಯ್ಯಬೇಡ.

ಹಸಿವು ರುಚಿ ಅರಿಯದು ಅನ್ನುತ್ತಾರೆ. ನಾನು ಅದನ್ನು ಪೂರ್ತಿ ಒಪ್ಪುವವಳಲ್ಲ. 1965ರಲ್ಲಿ ಒಂದು ಕಡೆ ಪಾಕಿಸ್ತಾನದ ಜೊತೆ ಯುದ್ಧ, ಇನ್ನೊಂದು ಕಡೆ ಮಳೆಯೂ ಕೈಕೊಟ್ಟಿತ್ತು. ವಾರಕ್ಕೊಂದು ಹೊತ್ತು ಊಟ ಬಿಡಿ ಅಂತ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿ ಕೇಳಿಕೊಂಡರು. ಸೋಮವಾರ ರಾತ್ರಿ ಎಷ್ಟೋ ಹೋಟೆಲುಗಳು ಬಾಗಿಲು ಹಾಕುತ್ತಿದ್ದವು, ನಮ್ಮ ಮನೆಯ ಒಲೆಯೂ ಉರಿಯುತ್ತಿರಲಿಲ್ಲ. ಮಿಕ್ಕ ದಿನ ರೇಷನ್ನಿನ ಗೋಧಿ, ಪಿ.ಎಲ್. 480 ಒಪ್ಪಂದದಲ್ಲಿ ಅಮೆರಿಕದಿಂದ ಹಡಗಿನಲ್ಲಿ ಬಂದದ್ದು. ಅನ್ನ, ಮುದ್ದೆ ಬಿಟ್ಟರೆ ಬೇರೆ ಗೊತ್ತಿಲ್ಲದ ನಿನ್ನಜ್ಜಿಗೆ ಚಪಾತಿಯ ಹದವೇ ಸಿಕ್ಕುತ್ತಿರಲಿಲ್ಲ, ಜಗಿದು ಜಗಿದು ದವಡೆ ನೋಯುತ್ತಿತ್ತು. ಅಂಥದ್ದರಲ್ಲಿ ಯಾವುದೋ ಮಂಗಳವಾರ ಬೆಳಿಗ್ಗೆ ಕಾವಲಿಯ ಮೇಲೆ ಅಕ್ಕಿರೊಟ್ಟಿ ಬಿದ್ದರೆ! ಗರಿಗರಿ ಅಂಚು, ಬೆರಳಿನಿಂದ ತೂತು ಮಾಡಿ ಎಣ್ಣೆ ಬಿಟ್ಟ ಜಾಗ, ಕೆಂಪಗೆ ಸುಟ್ಟ ಈರುಳ್ಳಿ, ನಡುವೆ ಮೆತ್ತಗಿನ ಹಿಟ್ಟು, ಇವೆಲ್ಲ ನನಗೆ ಇವತ್ತಿಗೂ ಬೇರೆಬೇರೆಯಾಗಿ ನೆನಪಿವೆ. ಹಸಿವಿಗೆ ರುಚಿಯೇ ಗೊತ್ತಿರದಿದ್ದರೆ ಇಷ್ಟೆಲ್ಲ ನೆನಪು ಉಳಿಯುತ್ತಿತ್ತಾ?

ಕ್ಲಾಸಿನಲ್ಲಿ ನಾನು ಇದೇ ಸಂಗತಿಯನ್ನು ಇಲಿಗಳ ಮೂಲಕ ಹೇಳುತ್ತಿದ್ದೆ. ಲಿಯೋ ಕ್ರೆಸ್ಪಿ ಅಂತ ಒಬ್ಬ ಅಮೆರಿಕದ ಮನಃಶಾಸ್ತ್ರಜ್ಞ. 1942ರಲ್ಲಿ ಆತ ಪ್ರಕಟಿಸಿದ ಪ್ರಯೋಗ ಇದು. ಹಸಿದ ಇಲಿಗಳನ್ನು ಉದ್ದನೆಯ ಓಣಿಯಲ್ಲಿ ಓಡಿಸಿ, ಕೊನೆಯಲ್ಲಿ ತಿನ್ನಲು ಇಡುತ್ತಿದ್ದ. ಕೆಲವಕ್ಕೆ ಸ್ವಲ್ಪ, ಕೆಲವಕ್ಕೆ 16 ತುಣುಕು, ಇನ್ನು ಕೆಲವಕ್ಕೆ ಭರ್ಜರಿ 256. ಆಮೇಲೆ ಎಲ್ಲಕ್ಕೂ 16 ಇಟ್ಟ. ಸ್ವಲ್ಪದಲ್ಲೇ ಇದ್ದ ಇಲಿಗಳು, ಮೊದಲಿನಿಂದ 16 ತಿಂದವುಗಳಿಗಿಂತ ಜೋರಾಗಿ ಓಡಿದವು. 256 ತಿಂದು ರೂಢಿಯಾದವು ಕಾಲೆಳೆದವು. ಅದೇ 16, ಆದರೆ ಒಂದಕ್ಕೆ ಹಬ್ಬ, ಒಂದಕ್ಕೆ ಅವಮಾನ. ಆಮೇಲೆ ಬೇರೆಯವರು ಪ್ರಯೋಗ ಮಾಡಿದಾಗ, ಖುಷಿಯಿಂದ ಜೋರಾಗಿ ಓಡಿದ್ದು ಪ್ರತಿ ಸಲವೂ ಕಾಣಲಿಲ್ಲ. ಬೇಜಾರಿನಿಂದ ಕಾಲೆಳೆದದ್ದು ಮಾತ್ರ ಮತ್ತೆ ಮತ್ತೆ ಕಂಡಿತು.

ನನಗೆ ನಿನ್ನ ಬಗ್ಗೆ ಇರುವ ಯೋಚನೆ ಈ ಎರಡನೆಯದು ಕಣೋ. ಸಪ್ಪೆ ಸಾರಿನಿಂದ ನೀನೇನೂ ಕೆಡುವುದಿಲ್ಲ. ಸಾರು ಸಪ್ಪೆಯಾಯಿತು ಅಂತ ದಿನಾ ರಾತ್ರಿ ಮೊಬೈಲ್ ಒತ್ತಿ ಬಿರಿಯಾನಿ ತರಿಸಿಕೊಳ್ಳುತ್ತೀಯಲ್ಲ, ಅದು ಕೆಡಿಸುತ್ತದೆ. ಆರು ತಿಂಗಳು ಹಾಗೆ ತಿಂದರೆ, ಊರಿಗೆ ಬಂದಾಗ ನಿನ್ನಮ್ಮನ ಹುರುಳಿಕಾಳಿನ ಬಸ್ಸಾರೂ ನಿನಗೆ 16 ತುಣುಕೇ. ತರಿಸಬೇಡ ಅನ್ನುವುದಿಲ್ಲ. ತಿಂಗಳಿಗೊಂದು ಸಲ, ಯಾರದ್ದಾದರೂ ಹುಟ್ಟುಹಬ್ಬಕ್ಕೆ, ನಾಲ್ಕು ಜನ ಸೇರಿ ತಿನ್ನಿ.

ಹಾಗಂತ ಸಂಕಟವನ್ನು ಹುಡುಕಿಕೊಂಡೂ ಹೋಗಬೇಡ. ಉಪವಾಸದ ಪೌರುಷ ನನ್ನ ಹತ್ತಿರ ನಡೆಯುವುದಿಲ್ಲ. ರುಚಿ ಇಲ್ಲದ್ದನ್ನು ಉಣ್ಣು, ಹಳಸಿದ್ದನ್ನು ಮುಟ್ಟಬೇಡ. ರಾತ್ರಿ ಮಿಕ್ಕ ಅನ್ನ ಬೆಳಿಗ್ಗೆ ಚಿತ್ರಾನ್ನವಾಗಿ ಬರುವುದು ಎಲ್ಲ ಕಡೆ ಇದ್ದದ್ದೇ. ಆದರೆ ಅಗುಳು ಲೋಳೆಲೋಳೆಯಾಗಿ, ಮುಗ್ಗಲು ವಾಸನೆ ಬಂದರೆ ಅಲ್ಲಿಂದ ಎದ್ದುಬಿಡು. ಅನ್ನ ಗಂಟೆಗಟ್ಟಲೆ ಹೊರಗೆ ಕೂತರೆ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ, ಮೇಲೆ ಎಷ್ಟು ನಿಂಬೆಹಣ್ಣು ಹಿಂಡಿದರೂ ಅಷ್ಟೇ. ಅಂಥ ದಿನ ಅಮ್ಮನಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ವಾರ್ಡನ್ನಿಗೆ ಅರ್ಜಿ ಬರಿ, ಜೊತೆಯ ಹುಡುಗರ ಸಹಿ ಹಾಕಿಸು.

ದಸರಾ ರಜೆಗೆ ಬರುತ್ತೀಯಲ್ಲ, ಬಸ್ಸಿಳಿದ ದಿನವೇ ಹೋಳಿಗೆ ಬೇಕು ಅಂತ ಹಟ ಮಾಡಬೇಡ. ಆ ದಿನ ನಿನ್ನ ನಾಲಿಗೆ ಚುರುಕಾಗಿರುತ್ತದೆ, ಬಿಸಿ ಅನ್ನ, ತಿಳಿಸಾರು, ಒಂದು ಚಮಚ ತುಪ್ಪ, ಸುಟ್ಟ ಹಪ್ಪಳ ಸಾಕು. ಮೂರ್ನಾಲ್ಕು ದಿನ ಕಳೆದರೆ "ಇವತ್ತೂ ಸಾರೇನಾ?" ಅಂತ ನೀನೇ ರಾಗ ಎಳೆಯುತ್ತೀಯ, ನಿನ್ನಪ್ಪನ ಮಗ ತಾನೇ. ಹೋಳಿಗೆ ಅವತ್ತಿಗೆ ಇಟ್ಟುಕೊಳ್ಳೋಣ. ಕಣಕ ನಾನೇ ಬಂದು ನಾದುತ್ತೇನೆ, ನಿನ್ನಮ್ಮ ಅದಕ್ಕೆ ಎಣ್ಣೆ ಸಾಲದ ಹಾಗೆ ಮಾಡುತ್ತಾಳೆ.