ಇ-ಮೇಲ್ ಲಗತ್ತಿನ ಹೆಡರ್: ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ಖರೀದಿ ಆದೇಶ, ಇನ್‌ವಾಯ್ಸ್, ಸಾಗಣೆ ಪತ್ರ ಮುಂತಾದ ದಾಖಲೆಗಳು ಇಂದು ಇ-ಮೇಲ್ ಲಗತ್ತುಗಳಾಗಿ ಬರುವುದು ಸಾಮಾನ್ಯ. ಅವುಗಳನ್ನು ತಾನಾಗಿಯೇ ಪಡೆದು ಲೆಕ್ಕಪತ್ರಕ್ಕೆ ಸೇರಿಸುವ ಮೊಬೈಲ್ ಆ್ಯಪ್‌ಗಳೂ ಬಳಕೆಯಲ್ಲಿವೆ. ಇಂತಹ ಆ್ಯಪ್ ಲಗತ್ತನ್ನು ಹೇಗೆ ಓದುತ್ತದೆ ಎಂಬುದು ಕೇವಲ ತಾಂತ್ರಿಕ ವಿಷಯವಲ್ಲ. ಹಣದ ಸುರಕ್ಷತೆಗೂ ದಾಖಲೆಯ ಮಾನ್ಯತೆಗೂ ಸಂಬಂಧಿಸಿದ್ದಾಗಿದೆ.

ಹೆಡರ್ ಎಂದರೇನು?

ಇ-ಮೇಲ್ ಮೂಲತಃ ಸರಳ ಅಕ್ಷರಗಳನ್ನಷ್ಟೇ ಒಯ್ಯುವ ವ್ಯವಸ್ಥೆ. ಇತರ ಕಡತಗಳನ್ನೂ ಕಳುಹಿಸಲು ಅನುವಾಗುವಂತೆ ‘ಮೈಮ್’ ಎಂಬ ಪದ್ಧತಿ 1992ರಲ್ಲಿ ಪ್ರಕಟವಾಗಿ, 1996ರಲ್ಲಿ ಪರಿಷ್ಕೃತಗೊಂಡಿತು. ಇದರನ್ವಯ ಪ್ರತಿ ಲಗತ್ತಿನ ಮೇಲೂ, ಸರಕಿನ ಪೆಟ್ಟಿಗೆಗೆ ಅಂಟಿಸಿದ ಚೀಟಿಯಂತೆ, ಕೆಲವು ಸಾಲುಗಳಿರುತ್ತವೆ. ಮುಖ್ಯವಾದವು ಮೂರು:

1. ಕಂಟೆಂಟ್-ಟೈಪ್: ಕಡತವು ಯಾವ ಬಗೆಯದು – ಪಿಡಿಎಫ್, ಚಿತ್ರ ಇತ್ಯಾದಿ – ಎಂಬ ಘೋಷಣೆ.

2. ಕಂಟೆಂಟ್-ಡಿಸ್ಪೊಸಿಷನ್: ಕಡತವನ್ನು ಪತ್ರದೊಳಗೇ ತೋರಿಸಬೇಕೇ, ಪ್ರತ್ಯೇಕ ಲಗತ್ತಾಗಿಡಬೇಕೇ ಎಂಬ ಸೂಚನೆ. ಕಡತದ ಹೆಸರೂ ಇಲ್ಲಿರುತ್ತದೆ.

3. ಕಂಟೆಂಟ್-ಟ್ರಾನ್ಸ್‌ಫರ್-ಎನ್‌ಕೋಡಿಂಗ್: ಕಡತವನ್ನು ಅಕ್ಷರಗಳಾಗಿ ಮಾರ್ಪಡಿಸಿದ ವಿಧಾನ, ಸಾಮಾನ್ಯವಾಗಿ ‘ಬೇಸ್64’. ಇದರಲ್ಲಿ 3 ಬೈಟ್‌ಗಳು 4 ಅಕ್ಷರಗಳಾಗುವುದರಿಂದ ಗಾತ್ರವು ಸುಮಾರು ಮೂರನೇ ಒಂದು ಭಾಗದಷ್ಟು ಹೆಚ್ಚುತ್ತದೆ.

ಚೀಟಿ ಬೇರೆ, ಸರಕು ಬೇರೆ

ಈ ಮೂರೂ ಸಾಲುಗಳನ್ನು ಬರೆಯುವುದು ಕಳುಹಿಸುವವರ ಕಂಪ್ಯೂಟರ್. ಆದ್ದರಿಂದ ಅವು ಹೇಳಿಕೆಗಳೇ ಹೊರತು ಪುರಾವೆಗಳಲ್ಲ. ‘ಬಿಲ್.ಪಿಡಿಎಫ್.ಇಎಕ್ಸ್‌ಇ’ ಎಂಬ ಹೆಸರಿನ ಮೊದಲರ್ಧ ಮಾತ್ರ ಮೊಬೈಲ್ ಪರದೆಯಲ್ಲಿ ಕಂಡರೆ, ಅಪಾಯಕಾರಿ ಪ್ರೋಗ್ರಾಮ್ ಬಿಲ್ಲಿನಂತೆ ತೋರುತ್ತದೆ. ಚೀಟಿಯನ್ನು ನಂಬಿ ಪೆಟ್ಟಿಗೆ ತೆರೆಯದೆಯೇ ದಾಸ್ತಾನು ಪುಸ್ತಕಕ್ಕೆ ಸರಕು ಏರಿಸುವ ಗುಮಾಸ್ತನಿಗೂ ಇಂತಹ ಆ್ಯಪ್‌ಗೂ ವ್ಯತ್ಯಾಸವಿಲ್ಲ.

ಆ್ಯಪ್ ಕಡತವನ್ನು ಮೂಲರೂಪಕ್ಕೆ ತಂದು ಅದರ ಆರಂಭದ ಬೈಟ್‌ಗಳನ್ನು ಪರೀಕ್ಷಿಸಬೇಕು. ಪಿಡಿಎಫ್ ಕಡತವು ಸಾಮಾನ್ಯವಾಗಿ ಶೇಕಡಾ ಚಿಹ್ನೆ ಹಾಗೂ ‘ಪಿಡಿಎಫ್’ ಅಕ್ಷರಗಳಿಂದ ಆರಂಭವಾದರೆ, ವಿಂಡೋಸ್ ಪ್ರೋಗ್ರಾಮ್ ‘ಎಂ’, ‘ಜೆಡ್’ ಅಕ್ಷರಗಳಿಂದ ಆರಂಭವಾಗುತ್ತದೆ. ಘೋಷಿಸಿದ ಬಗೆ, ಹೆಸರು, ಒಳಗಿನ ವಸ್ತು – ಮೂರೂ ತಾಳೆಯಾಗದಿದ್ದಲ್ಲಿ ಕಡತವನ್ನು ತಡೆಹಿಡಿಯತಕ್ಕದ್ದು.

ಆದರೆ ತಾಳೆಯಾದ ಮಾತ್ರಕ್ಕೆ ಬಿಲ್ಲು ಸಾಚಾ ಎಂದಾಗದು. ಅಪ್ಪಟ ಪಿಡಿಎಫ್‌ನಲ್ಲಿಯೂ ವಂಚಕರ ಬ್ಯಾಂಕ್ ಖಾತೆ ಸಂಖ್ಯೆ ಇರಬಹುದು. ಖಾತೆ ಬದಲಾಗಿದೆ ಎಂಬ ಪತ್ರ ಬಂದಲ್ಲಿ, ಪತ್ರದಲ್ಲಿರುವ ಸಂಖ್ಯೆಗಲ್ಲದೆ, ಹಿಂದಿನಿಂದ ತಿಳಿದಿರುವ ದೂರವಾಣಿ ಸಂಖ್ಯೆಗೆ ಕರೆ ಮಾಡಿ ಖಚಿತಪಡಿಸಿಕೊಂಡ ನಂತರವೇ ಪಾವತಿಸುವುದು ಕ್ಷೇಮ.

ಕಾನೂನಿನ ದೃಷ್ಟಿಯಲ್ಲಿ

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 7ನೇ ಕಲಮಿನ ಪ್ರಕಾರ, ಕಾನೂನಿನಂತೆ ಕಾಪಾಡಬೇಕಾದ ದಾಖಲೆಯನ್ನು ವಿದ್ಯುನ್ಮಾನ ರೂಪದಲ್ಲಿಡುವಾಗ ಅದರ ಮೂಲ, ಗಮ್ಯ, ರವಾನೆ ಅಥವಾ ಸ್ವೀಕೃತಿಯ ದಿನಾಂಕ ಹಾಗೂ ವೇಳೆಯನ್ನು ಗುರುತಿಸುವ ವಿವರಗಳೂ ಲಭ್ಯವಿರಬೇಕು. ಇ-ಮೇಲ್‌ನಲ್ಲಿ ಈ ವಿವರಗಳಿರುವುದು ಪತ್ರದ ಹೆಡರ್‌ಗಳಲ್ಲಿ. ಪಿಡಿಎಫ್ ಮಾತ್ರ ಉಳಿಸಿ ಪತ್ರವನ್ನು ಅಳಿಸುವ ಆ್ಯಪ್ ಇವನ್ನೇ ಕಳೆಯುತ್ತದೆ. ಜಿಎಸ್‌ಟಿ ಕಾಯ್ದೆಯ 36ನೇ ಕಲಮು ಲೆಕ್ಕಪತ್ರಗಳನ್ನು ವಾರ್ಷಿಕ ವಿವರಣಾ ಪತ್ರದ ಅಂತಿಮ ದಿನಾಂಕದಿಂದ 72 ತಿಂಗಳು ಕಾಪಾಡಲು ವಿಧಿಸುತ್ತದೆ. ಆದಕಾರಣ ಮೂಲ ಪತ್ರವನ್ನು ಹೆಡರ್ ಸಮೇತ ಯಥಾವತ್ತಾಗಿ ಅಷ್ಟು ಕಾಲವೂ ಉಳಿಸುವುದು ಅಗತ್ಯ.

ಆ್ಯಪ್ ಮಾಡಿಸುವ ಉದ್ಯಮಿಗಳು, ಒಳವಸ್ತುವಿನ ಪರೀಕ್ಷೆ ಮತ್ತು ಮೂಲ ಪತ್ರದ ಸಂರಕ್ಷಣೆ ಎಂಬ ಈ ಎರಡು ಷರತ್ತುಗಳನ್ನು ಕರಾರಿನಲ್ಲಿಯೇ ಸೇರಿಸುವುದು ಒಳಿತು.