ಅಣಬೆ ಬೇಸಾಯದಲ್ಲಿ ಕ್ರಿಮಿನಾಶಕ ದ್ರವ್ಯಗಳ ವಿನಿಯೋಗ

ಕಾರವಾರ, ಅಂಕೋಲಾ ತಾಲೂಕುಗಳಲ್ಲಿ ಮೊದಲ ಮಳೆ ಬಿದ್ದೊಡನೆ ಹುತ್ತದ ಅಣಬೆಯನ್ನು ಆಯ್ದು ತಂದು ಉಣ್ಣುವ ರೂಢಿಯು ಪೂರ್ವದಿಂದಲೂ ಇದೆ. ಭತ್ತದ ಹುಲ್ಲಿನಲ್ಲಿ ಚಿಪ್ಪಣಬೆಯನ್ನು ಬೆಳೆದು ಮಾರುವುದು ಮಾತ್ರ ಈಚಿನ ಉದ್ಯೋಗವು. ಈ ಬೆಳೆಗೆ 20ರಿಂದ 30 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯೂ ನೂರಕ್ಕೆ 80ರಷ್ಟು ಆರ್ದ್ರತೆಯೂ ಹಿತಕರವಾಗಿದ್ದು, ಕರಾವಳಿಯ ಮಳೆಗಾಲದಲ್ಲಿ ಇವೆರಡೂ ಸಹಜವಾಗಿ ದೊರೆಯುತ್ತವೆ. ಆದರೆ ಅದೇ ತೇವವು ಹಸಿರು ಬೂಷ್ಟಿಗೂ ನೊಣಗಳಿಗೂ ಪೋಷಕವಾದುದರಿಂದ ಬೆಳೆಗಾರನು ಔಷಧಿಗೆ ಕೈಚಾಚುವನು. ಅಣಬೆಯೂ ಬೂಷ್ಟಿನ ಜಾತಿಯದೇ ಎಂಬುದನ್ನು ಆತನು ಮರೆಯಲಾಗದು. ವಿಚಾರವಿಲ್ಲದೆ ಔಷಧಿ ಹಾಕಿದರೆ ಬೆಳೆಯೇ ಕೆಡುವುದು.

ಇದರಲ್ಲಿ ಮುಖ್ಯ ನಿಯಮವು ಒಂದೇ: ಔಷಧಿಯ ಕೆಲಸವು ಬೀಜ ಹಾಕುವ ಮೊದಲೇ ಮುಗಿಯತಕ್ಕದ್ದು.

ಹುಲ್ಲಿನ ಶುದ್ಧೀಕರಣ: ಹುಲ್ಲನ್ನು ಬೆರಳುದ್ದ ಕತ್ತರಿಸಿ, ನೀರಿನಲ್ಲಿ ನೆನೆಸಿ, ಸುಮಾರು 80 ಡಿಗ್ರಿ ಬಿಸಿನೀರಿನಲ್ಲಿ ಒಂದು ತಾಸು ಇಡುವುದು ಸರ್ವೋತ್ತಮವು; ಇದರಲ್ಲಿ ವಿಷದ ಮಾತೇ ಇಲ್ಲ. ಉರುವಲಿನ ಅಭಾವವಿದ್ದಲ್ಲಿ 100 ಲೀಟರ್ ನೀರಿಗೆ 7.5 ಗ್ರಾಂ ಕಾರ್ಬೆಂಡಜಿಮ್ ಪುಡಿಯನ್ನೂ 125 ಮಿಲಿಲೀಟರ್ ಫಾರ್ಮಲಿನ್ನನ್ನೂ ಬೆರೆಸಿ, ಹುಲ್ಲನ್ನು 16ರಿಂದ 18 ತಾಸು ಮುಚ್ಚಿ ನೆನೆಸಬಹುದು. ಅನಂತರ ನೀರನ್ನು ಬಸಿದು, ಹಿಂಡಿದರೆ ಹನಿ ತೊಟ್ಟಿಕ್ಕದಷ್ಟು ಆರಿದ ಮೇಲೆಯೇ ಬೀಜವನ್ನು ಬೆರೆಸತಕ್ಕದ್ದು. ಹೆಚ್ಚು ಹಾಕಿದರೆ ಹೆಚ್ಚು ಗುಣವೆಂಬ ಭಾವನೆಯು ತಪ್ಪು. ಅಳತೆಯ ಪಾತ್ರೆಯಿಲ್ಲದೆ ಕೈಯಂದಾಜಿನಿಂದ ಈ ಕೆಲಸಕ್ಕೆ ತೊಡಗಬಾರದು.

ಕೋಣೆಯ ಶುದ್ಧೀಕರಣ: ಚೀಲಗಳನ್ನಿಡುವ ಮೊದಲು ನೂರಕ್ಕೆ 2ರಷ್ಟು ಫಾರ್ಮಲಿನ್ ದ್ರಾವಣವನ್ನು ಗೋಡೆ, ನೆಲಗಳಿಗೆ ಸಿಂಪಡಿಸಿ, ಒಂದು ದಿನ ಬಾಗಿಲು ಮುಚ್ಚಿ, ಬಳಿಕ ವಾಸನೆ ಹೋಗುವವರೆಗೆ ತೆರೆದಿಡಬೇಕು. ಇದರ ಆವಿಯು ಕಣ್ಣು, ಗಂಟಲುಗಳನ್ನು ಉರಿಸುವುದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಫಾರ್ಮಾಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್‌ಕಾರಕವೆಂದು ನಿರ್ಣಯಿಸಿದೆ. ಆದುದರಿಂದ ಕೂಲಿಯಾಳುಗಳಿಗೆ ಕೈಚೀಲ, ಕನ್ನಡಕ, ತಕ್ಕ ಮುಖವಾಡಗಳನ್ನು ಒದಗಿಸುವುದು ಜಮೀನುದಾರರ ಕರ್ತವ್ಯವಾಗಿದೆ. ಉಳಿದ ದ್ರಾವಣವನ್ನು ಬಾವಿಯ ಬಳಿಯಲ್ಲಾಗಲಿ ಹಳ್ಳದಲ್ಲಾಗಲಿ ಚೆಲ್ಲಬಾರದು. ಅದು ಗಜನಿಗೆ ಹರಿದರೆ ಮೀನು, ಸಿಗಡಿಗಳಿಗೆ ಅಪಾಯವುಂಟು.

ಬೆಳೆಯ ಕಾಲದಲ್ಲಿ: ಮೊಗ್ಗು ಮೂಡಿದ ಅಣಬೆಯು ಮೂರು ನಾಲ್ಕು ದಿನಗಳಲ್ಲಿಯೇ ಕೊಯ್ಲಿಗೆ ಬರುವುದು. ಆಗ ಸಿಂಪಡಿಸಿದ ವಿಷವು ಇಳಿದುಹೋಗಲು ಅವಕಾಶವಿಲ್ಲದೆ ನೇರವಾಗಿ ಉಣ್ಣುವವನ ಎಲೆಗೆ ಸೇರುವುದು. ಆದಕಾರಣ ಅಣಬೆಯ ಮೇಲೆ ಯಾವ ಕೀಟನಾಶಕವನ್ನೂ ಹೊಡೆಯಬಾರದು. ನೊಣಗಳಿಗೆ ಕಿಟಕಿ ಬಾಗಿಲುಗಳಲ್ಲಿ ಸಣ್ಣ ಕಣ್ಣಿನ ಬಲೆಯೂ, ರಾತ್ರಿ ದೀಪದ ಬಳಿ ಎಣ್ಣೆ ಸವರಿದ ಕಾಗದವೂ ಸಾಕು. ಹಸಿರು ಬೂಷ್ಟು ಕಂಡ ಚೀಲವನ್ನು ಬಿಚ್ಚದೆ ಹೊರಗೊಯ್ದು ದೂರದಲ್ಲಿ ಹೂಳಬೇಕು. ಒಂದು ಚೀಲಕ್ಕೆ ಆಸೆಪಟ್ಟರೆ ಕೋಣೆಯೆಲ್ಲವೂ ಕೆಡುವುದು.

2018ರ ಜುಲೈಯಲ್ಲಿ ಮೀನಿಗೆ ಫಾರ್ಮಲಿನ್ ಬೆರೆಸಿದ್ದಾರೆಂಬ ಸಂಶಯದಿಂದ ಗೋವಾ ಸರಕಾರವು ಹೊರರಾಜ್ಯಗಳ ಮೀನಿನ ಆಮದನ್ನು ಕೆಲದಿನ ನಿಲ್ಲಿಸಿದ ಸಂಗತಿಯು ಕಾರವಾರದವರಿಗೆ ತಿಳಿಯದ್ದಲ್ಲ. ಇಂಥ ಸಂಶಯವು ಒಮ್ಮೆ ಹುಟ್ಟಿದರೆ ತಪ್ಪು ಮಾಡಿದವನೊಂದಿಗೆ ಮಾಡದವನೂ ನಷ್ಟ ಹೊಂದುವನು. ಗ್ರಾಮದ ಮುಖಂಡರು ಈ ವಿಷಯವನ್ನು ಬೆಳೆಗಾರರಿಗೆ ತಿಳಿಯಹೇಳಿ, ಔಷಧಿಗಳನ್ನು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ ಇಡಿಸಿದರೆ ಊರಿಗೆ ದೊಡ್ಡ ಉಪಕಾರವಾಗುವುದು.