ಹೆಪ್ಪುಗಟ್ಟಿದ ಕೊಳವೆ, ತಣ್ಣಗಾದ ಮನೆ: ರಿಪೇರಿ ಯಾರ ಹೊಣೆ?

2010ರ ಡಿಸೆಂಬರ್ ಬ್ರಿಟನ್ ನೂರು ವರ್ಷಗಳಲ್ಲಿ ಕಂಡ ಅತಿ ಚಳಿಯ ಡಿಸೆಂಬರ್ ಆಗಿತ್ತು. ಆ ವಾರಗಳಲ್ಲಿ ಸಾವಿರಾರು ಮನೆಗಳ ಬಾಯ್ಲರ್‌ಗಳು ಒಂದೇ ಕಾರಣಕ್ಕೆ ಕೈಕೊಟ್ಟವು. ಯಂತ್ರ ಕೆಟ್ಟಿರಲಿಲ್ಲ, ಗ್ಯಾಸ್ ನಿಂತಿರಲಿಲ್ಲ. ಬಾಯ್ಲರ್‌ನಿಂದ ಹೊರಗೋಡೆಗೆ ಇಳಿಬಿಟ್ಟ ಸಣ್ಣ ಪ್ಲಾಸ್ಟಿಕ್ ಕೊಳವೆಯಲ್ಲಿ ನೀರು ಹೆಪ್ಪುಗಟ್ಟಿತ್ತು. ನೀರು ಹೊರಹೋಗದಿದ್ದರೆ ಬಾಯ್ಲರ್ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಅದಾದ ಮೇಲೆ ಪ್ರತಿ ಚಳಿಗಾಲದಲ್ಲೂ, ತಾಪಮಾನ ಸೊನ್ನೆಗಿಂತ ಕೆಳಗಿಳಿದ ರಾತ್ರಿಗಳಲ್ಲಿ, ಇದೇ ಕಥೆ ಎಲ್ಲೋ ಒಂದು ಕಡೆ ಮರುಕಳಿಸುತ್ತಲೇ ಇದೆ.

ಕರ್ನಾಟಕದಿಂದ ಹೋಗಿ ಇಂಗ್ಲೆಂಡಿನಲ್ಲಿ ಬಾಡಿಗೆ ಮನೆ ಹಿಡಿದಿರುವ ನರ್ಸ್‌ಗಳು, ವೈದ್ಯರು, ಸಾಫ್ಟ್‌ವೇರ್ ಉದ್ಯೋಗಿಗಳು, ವಿದ್ಯಾರ್ಥಿಗಳಿಗೂ ಇದು ತಪ್ಪಿದ್ದಲ್ಲ. ನಮ್ಮಲ್ಲಿ ಗೀಸರ್ ಕೆಟ್ಟರೆ ಒಂದು ದಿನದ ಸ್ನಾನಕ್ಕೆ ತೊಂದರೆ. ಅಲ್ಲಿ ಅಡುಗೆಮನೆಯ ಗೋಡೆಗೆ ನೇತುಹಾಕಿದ ಆ ಬಿಳಿ ಪೆಟ್ಟಿಗೆ ನಿಂತರೆ ನಲ್ಲಿಯ ಬಿಸಿನೀರಿನ ಜೊತೆಗೆ ಎಲ್ಲ ಕೋಣೆಗಳ ಬಿಸಿಯೂ ಹೋಗುತ್ತದೆ. ಫೋನ್ ಮಾಡಿದರೆ ಮನೆ ಮಾಲೀಕರು ‘ಚಳಿಗೆ ಯಾರೇನು ಮಾಡಲಾದೀತು’ ಎನ್ನಬಹುದು. ಕಾನೂನು ಹಾಗೆನ್ನುವುದಿಲ್ಲ.

ಕೊಳವೆಯ ನೀರು ಎಲ್ಲಿಯದು?

ಗ್ಯಾಸ್ ಉರಿದಾಗ ಹಬೆಯೂ ಹುಟ್ಟುತ್ತದೆ. ಹಳೆಯ ಬಾಯ್ಲರ್‌ಗಳು ಅದನ್ನು ಬಿಸಿಯ ಸಮೇತ ಚಿಮಣಿಯಿಂದ ಆಚೆ ಬಿಡುತ್ತಿದ್ದವು. ಕಂಡೆನ್ಸಿಂಗ್ ಬಾಯ್ಲರ್ ಆ ಹಬೆಯನ್ನು ತಂಪುಮಾಡಿ, ಅದರಲ್ಲಿ ಅಡಗಿದ ಶಾಖವನ್ನೂ ಮನೆಗೇ ತಿರುಗಿಸುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳದ ಒಳಗೆ ಹನಿಗಟ್ಟುವಂತೆ ಇಲ್ಲೂ ಹನಿಗಟ್ಟುತ್ತದೆ. ಪೂರ್ಣ ಶಕ್ತಿಯಲ್ಲಿ ಓಡುವ ಬಾಯ್ಲರ್‌ನಲ್ಲಿ ಗಂಟೆಗೆ ಒಂದೆರಡು ಲೀಟರ್ ನೀರು ಸೇರಬಹುದು. ಇದು ಸ್ವಲ್ಪ ಆಮ್ಲೀಯ. ಪಿಎಚ್ ಸಾಮಾನ್ಯವಾಗಿ 3ರಿಂದ 5ರ ನಡುವೆ. ತಾಮ್ರವನ್ನು ತಿನ್ನುವುದರಿಂದ ಇದಕ್ಕೆ ಪ್ಲಾಸ್ಟಿಕ್ ಕೊಳವೆಯೇ ಬೇಕು.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2005ರ ಏಪ್ರಿಲ್ 1ರಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಹೊಸದಾಗಿ ಅಳವಡಿಸುವ ಗ್ಯಾಸ್ ಬಾಯ್ಲರ್ ಕಂಡೆನ್ಸಿಂಗ್ ಬಗೆಯದೇ ಆಗಿರಬೇಕು ಎಂದು ಕಟ್ಟಡ ನಿಯಮಗಳು ಹೇಳಿದವು. ಹಾಗಾಗಿ ಈ ಕೊಳವೆ ಇಂದು ಬಹುತೇಕ ಮನೆಗಳಲ್ಲಿದೆ.

ಅದನ್ನು ಹೇಗೆ ಹಾಕಬೇಕೆಂಬುದು ಗುಟ್ಟೇನಲ್ಲ. ಸಾಧ್ಯವಾದರೆ ಮನೆಯೊಳಗೇ ಸಾಗಿಸಿ ಅಡುಗೆಮನೆಯ ಸಿಂಕ್‌ನ ಕೊಳವೆಗೋ ಒಳಚರಂಡಿಯ ಕೊಳವೆಗೋ ಸೇರಿಸಬೇಕು. ಹೊರಗೆ ಹೋಗಲೇಬೇಕಾದರೆ ಒಳವ್ಯಾಸ 30 ಮಿಲಿಮೀಟರ್‌ಗೆ ಕಡಿಮೆ ಇರಬಾರದು, ಮೀಟರಿಗೆ ಸುಮಾರು 5 ಸೆಂಟಿಮೀಟರ್ ಇಳಿಜಾರು ಬೇಕು, ಹೊರಗಿನ ಉದ್ದ ಮೂರು ಮೀಟರ್ ದಾಟಬಾರದು, ಮೇಲೆ ನೀರು ಹೀರದ ಹೊದಿಕೆ ಇರಬೇಕು. ತೊರೆಗೆ ಹೋಗುವ ಮಳೆನೀರಿನ ಚರಂಡಿಗೆ ಈ ಆಮ್ಲೀಯ ನೀರನ್ನು ಬಿಡಬಾರದು. ಹೆಪ್ಪುಗಟ್ಟುವ ಕೊಳವೆಗಳಲ್ಲಿ ಹೆಚ್ಚಿನವು ಈ ಸೂತ್ರಗಳಲ್ಲಿ ಒಂದನ್ನಾದರೂ ಮುರಿದಿರುತ್ತವೆ: ತೀರಾ ಸಣ್ಣ, ತೀರಾ ಉದ್ದ, ಇಲ್ಲವೇ ಹೊದಿಕೆಯಿಲ್ಲದ್ದು.

ಕಲಂ 11 ಕೊಡುವ ರಕ್ಷಣೆ

ಇಂಗ್ಲೆಂಡಿನ ಬಾಡಿಗೆದಾರರಿಗೆ ಮುಖ್ಯ ಆಸರೆ 1985ರ ಲ್ಯಾಂಡ್‌ಲಾರ್ಡ್ ಆ್ಯಂಡ್ ಟೆನೆಂಟ್ ಕಾಯ್ದೆಯ ಕಲಂ 11. ಏಳು ವರ್ಷಕ್ಕಿಂತ ಕಡಿಮೆ ಅವಧಿಯ ಬಾಡಿಗೆಗಳಲ್ಲಿ, ಕೋಣೆ ಬೆಚ್ಚಗಿಡುವ ಮತ್ತು ನೀರು ಕಾಯಿಸುವ ಸಾಧನಗಳನ್ನು ದುರಸ್ತಿಯಲ್ಲೂ ‘ಸರಿಯಾಗಿ ಕೆಲಸ ಮಾಡುವ ಸ್ಥಿತಿ’ಯಲ್ಲೂ ಇಡುವುದು ಮಾಲೀಕರ ಕರ್ತವ್ಯ. ಚರಂಡಿ ಮತ್ತು ಹೊರಗಿನ ಕೊಳವೆಗಳೂ ಇದೇ ಕಲಮಿನಲ್ಲಿವೆ. ‘ಬಾಯ್ಲರ್ ರಿಪೇರಿ ಬಾಡಿಗೆದಾರರದು’ ಎಂದು ಕರಾರುಪತ್ರದಲ್ಲಿ ಬರೆಸಿಕೊಂಡರೂ ಮಾಲೀಕರು ಈ ಹೊಣೆಯಿಂದ ನುಣುಚಿಕೊಳ್ಳಲಾರರು.

ಕೊಳವೆ ಒಡೆದಿಲ್ಲ, ಮೊದಲೇ ತಪ್ಪಾಗಿ ಹಾಕಲಾಗಿದೆ ಅಷ್ಟೇ ಎಂದು ವಾದಿಸಿದರೆ? ಲಿವರ್‌ಪೂಲ್ ನಗರಸಭೆಯ ಬಹುಮಹಡಿ ಕಟ್ಟಡವೊಂದರ ಮೊಕದ್ದಮೆ ಇಲ್ಲಿ ನೆರವಿಗೆ ಬರುತ್ತದೆ. ಅಲ್ಲಿ ಶೌಚಾಲಯದ ನೀರಿನ ತೊಟ್ಟಿಗಳು ವಿನ್ಯಾಸದ ದೋಷದಿಂದಲೇ ಉಕ್ಕಿ ಹರಿಯುತ್ತಿದ್ದವು. ಲಿವರ್‌ಪೂಲ್ ವಿರುದ್ಧ ಇರ್ವಿನ್ ಎಂದು ಹೆಸರಾದ ಆ ಪ್ರಕರಣದಲ್ಲಿ 1976ರಲ್ಲಿ ಹೌಸ್ ಆಫ್ ಲಾರ್ಡ್ಸ್, ಇಂಥ ತೊಟ್ಟಿ ಸರಿಯಾಗಿ ಕೆಲಸ ಮಾಡುವ ಸ್ಥಿತಿಯಲ್ಲಿಲ್ಲ ಎಂದಿತು. ಆ ತೀರ್ಪು ಕಲಂ 11ಕ್ಕಿಂತ ಹಿಂದಿನ ಕಾಯ್ದೆಯಡಿ ಬಂದದ್ದಾದರೂ ಪದಗಳು ಅವೇ. ಪ್ರತಿ ಚಳಿಗಾಲದಲ್ಲೂ ಕೈಕೊಡುವ ಬಾಯ್ಲರ್‌ಗೂ ಈ ತರ್ಕ ಹೊಂದುತ್ತದೆ.

ಇದಕ್ಕೊಂದು ಷರತ್ತಿದೆ. ಮನೆಯೊಳಗಿನ ದೋಷ ಮಾಲೀಕರ ಗಮನಕ್ಕೆ ಬಂದ ಮೇಲಷ್ಟೇ ದುರಸ್ತಿಯ ಹೊಣೆ ಶುರುವಾಗುತ್ತದೆ. ಆದ್ದರಿಂದ ಫೋನಿನಲ್ಲಿ ಹೇಳಿದ್ದನ್ನು ಇಮೇಲ್‌ನಲ್ಲೂ ಬರೆಯಬೇಕು. ದಿನಾಂಕ, ಪರದೆಯ ಮೇಲೆ ಬಂದ ದೋಷಸಂಖ್ಯೆ, ಕೊಳವೆಯ ಫೋಟೊ, ಮನೆಯಲ್ಲಿ ಮಗುವೋ ಹಿರಿಯರೋ ಇದ್ದರೆ ಆ ವಿವರ ಎಲ್ಲವೂ ಅದರಲ್ಲಿರಲಿ. ದುರಸ್ತಿಗೆ ಇಷ್ಟೇ ದಿನ ಎಂದು ಕಲಂ 11 ಹೇಳುವುದಿಲ್ಲ, ‘ಸಮಂಜಸ ಅವಧಿ’ ಎಂಬುದಷ್ಟೇ ಮಾನದಂಡ. ನಡುಚಳಿಗಾಲದಲ್ಲಿ ಆ ಅವಧಿ ತೀರಾ ಚಿಕ್ಕದು. ನಗರಸಭೆ ಅಥವಾ ಹೌಸಿಂಗ್ ಅಸೋಸಿಯೇಷನ್ ಮನೆಗಳಿಗೆ 2025ರ ಅಕ್ಟೋಬರ್ 27ರಿಂದ ಅವಾಬ್ ಕಾನೂನು ಜಾರಿಯಲ್ಲಿದೆ. ರಾಚ್‌ಡೇಲ್‌ನಲ್ಲಿ ಬೂಷ್ಟು ಹಿಡಿದ ಮನೆಯಲ್ಲಿದ್ದು 2020ರಲ್ಲಿ ತೀರಿಕೊಂಡ ಎರಡು ವರ್ಷದ ಮಗುವಿನ ಹೆಸರದು. ತುರ್ತು ಅಪಾಯವಿದ್ದರೆ 24 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕೆಂದು ಅದು ವಿಧಿಸುತ್ತದೆ.

ಬಾಡಿಗೆದಾರರ ಪಾಲಿಗೆ ಬರುವುದು

ಹಕ್ಕಿನ ಜೊತೆ ಕೆಲಸವೂ ಇದೆ. ಬಾಡಿಗೆದಾರರು ಮನೆಯನ್ನು ಬಾಡಿಗೆದಾರರಿಗೆ ತಕ್ಕಂತೆ ನೋಡಿಕೊಳ್ಳಬೇಕೆಂದು 1950ರ ದಶಕದ ವಾರೆನ್ ವಿರುದ್ಧ ಕೀನ್ ಪ್ರಕರಣದಲ್ಲಿ ನ್ಯಾಯಮೂರ್ತಿ ಡೆನ್ನಿಂಗ್ ವಿವರಿಸಿದ್ದರು. ಚಳಿಗಾಲದಲ್ಲಿ ಮನೆ ಬಿಟ್ಟು ಹೋಗುವವರು ನೀರು ನಿಲ್ಲಿಸಿ ಬಾಯ್ಲರ್ ಖಾಲಿ ಮಾಡುವುದೂ ಅವರ ಪಟ್ಟಿಯಲ್ಲಿತ್ತು. ಆದರೆ ಇದಕ್ಕೂ ಮಿತಿಯಿದೆ. ವಿಕೊಂಬ್ ಆರೋಗ್ಯ ಪ್ರಾಧಿಕಾರ ವಿರುದ್ಧ ಬಾರ್ನೆಟ್ ಪ್ರಕರಣದಲ್ಲಿ ಬಾಡಿಗೆದಾರರು ಎರಡು ರಾತ್ರಿ ಮನೆಯಲ್ಲಿರಲಿಲ್ಲ, ಹೊದಿಕೆಯಿಲ್ಲದ ಕೊಳವೆ ಚಳಿಗೆ ಒಡೆಯಿತು. ನಷ್ಟಕ್ಕೆ ಅವರು ಹೊಣೆಯಲ್ಲ ಎಂದು ಮೇಲ್ಮನವಿ ನ್ಯಾಯಾಲಯ 1982ರಲ್ಲಿ ತೀರ್ಪಿತ್ತಿತು. ಎಷ್ಟು ದಿನ ಹೋಗಿದ್ದರು, ಚಳಿ ಎಷ್ಟಿತ್ತು ಎಂಬುದರ ಮೇಲೆ ಹೊಣೆ ನಿರ್ಧಾರವಾಗುತ್ತದೆ.

ಡಿಸೆಂಬರ್ ರಜೆಯಲ್ಲಿ ಮೂರು ವಾರ ಊರಿಗೆ ಬರುವವರು ಈ ವ್ಯತ್ಯಾಸ ಗಮನಿಸಬೇಕು. ಎರಡು ರಾತ್ರಿಗೆ ಸಿಕ್ಕ ರಿಯಾಯಿತಿ ಮೂರು ವಾರಕ್ಕೆ ಸಿಗಲಾರದು. ಬಾಯ್ಲರ್ ಪೂರ್ತಿ ಆರಿಸದೆ ಕಡಿಮೆ ಉಷ್ಣತೆಯಲ್ಲಿ ಓಡಲು ಬಿಟ್ಟು, ಹೋಗುವ ದಿನಾಂಕಗಳನ್ನು ಮಾಲೀಕರಿಗೆ ಬರೆದು ತಿಳಿಸುವುದು ಒಳ್ಳೆಯದು.

ಕೊಳವೆ ಕೈಗೆಟಕುವ ಎತ್ತರದಲ್ಲಿದ್ದರೆ ಬೆಚ್ಚಗಿನ ನೀರು ಸುರಿದೋ ಬಿಸಿನೀರಿನ ಚೀಲ ಒತ್ತಿಯೋ ಮಂಜುಗಡ್ಡೆ ಕರಗಿಸಿ, ಬಾಯ್ಲರನ್ನು ರಿಸೆಟ್ ಮಾಡಬಹುದು. ಕುದಿಯುವ ನೀರು ಬೇಡ, ಏಣಿ ಹತ್ತುವುದೂ ಬೇಡ. ಬಾಯ್ಲರ್‌ನ ಹೊರಕವಚಕ್ಕಂತೂ ಕೈಹಾಕಬಾರದು. ಗ್ಯಾಸ್ ಕೆಲಸ ಮಾಡಲು ಬಂದವರು ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ನೋಂದಾಯಿತರಾಗಿರಲೇಬೇಕು, ಅವರ ಗುರುತುಚೀಟಿ ಕೇಳುವುದು ಮನೆಯವರ ಹಕ್ಕು. ಗ್ಯಾಸ್ ವಾಸನೆ ಬಂದರೆ ಮಾಲೀಕರಿಗೆ ಕಾಯದೆ 0800 111 999 ತುರ್ತು ಸಂಖ್ಯೆಗೆ ಕರೆ ಮಾಡಬೇಕು.

ಮಾಲೀಕರು ಕಿವಿಗೊಡದಿದ್ದರೆ

ಮೊದಲು ಗ್ಯಾಸ್ ಸುರಕ್ಷತಾ ದಾಖಲೆ ಕೇಳಿ. 1998ರ ನಿಯಮಗಳ ಪ್ರಕಾರ ಮಾಲೀಕರು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ, 28 ದಿನಗಳೊಳಗೆ ಪ್ರತಿ ಕೊಡಬೇಕು. ಹೊಸ ಬಾಡಿಗೆದಾರರಿಗೆ ಮನೆಗೆ ಬರುವ ಮೊದಲೇ ಕೊಡಬೇಕು. ಈ ತಪಾಸಣೆಯೇ ಸರ್ವೀಸ್ ಎಂದು ಭಾವಿಸಬೇಡಿ, ಎರಡೂ ಬೇರೆ.

ಎರಡನೆಯದಾಗಿ, ಸ್ಥಳೀಯ ಕೌನ್ಸಿಲ್‌ನ ಪರಿಸರ ಆರೋಗ್ಯ ವಿಭಾಗಕ್ಕೆ ದೂರು ಕೊಡಬಹುದು. 2004ರ ಹೌಸಿಂಗ್ ಕಾಯ್ದೆಯಡಿ ‘ಅತಿಶೀತ’ವೂ ಒಂದು ಅಪಾಯ. ಪರಿಶೀಲನೆಯಲ್ಲಿ ಅದು ಗಂಭೀರ ಎಂದು ಕಂಡರೆ ಕೌನ್ಸಿಲ್ ಕ್ರಮ ಕೈಗೊಳ್ಳಲೇಬೇಕು.

ಕೊನೆಯ ದಾರಿ ಕೌಂಟಿ ನ್ಯಾಯಾಲಯ. ಅದಕ್ಕೂ ಮುನ್ನ ನಿಗದಿತ ಕ್ರಮದಲ್ಲಿ ಪತ್ರ ಬರೆಯಬೇಕು. ಉತ್ತರಿಸಲು ಮಾಲೀಕರಿಗೆ 20 ಕೆಲಸದ ದಿನಗಳಿರುತ್ತವೆ. ಬಾಡಿಗೆ ತಡೆಹಿಡಿಯುವುದು ಮಾತ್ರ ಅಪಾಯದ ದಾರಿ. ದೂರು ಕೊಟ್ಟವರು ಮನೆ ಕಳೆದುಕೊಳ್ಳದಿದ್ದರೂ ಬಾಕಿ ಉಳಿಸಿಕೊಂಡವರು ಕಳೆದುಕೊಳ್ಳಬಹುದು. ಕಾರಣ ಹೇಳದೆ ಮನೆ ಬಿಡಿಸುವ ಕಲಂ 21ರ ನೋಟಿಸನ್ನು 2025ರ ಬಾಡಿಗೆದಾರರ ಹಕ್ಕುಗಳ ಕಾಯ್ದೆ ರದ್ದುಪಡಿಸಿದ್ದು, ಅದಕ್ಕೆ ಸರ್ಕಾರ ಗೊತ್ತುಮಾಡಿದ ದಿನ 2026ರ ಮೇ 1.

ಸ್ವಂತ ಮನೆಯವರಿಗೆ ಬೇರೆ ಕಾಯ್ದೆಯಿದೆ. ಬಾಯ್ಲರ್ ಹಾಕಿದವರು ಸೂಕ್ತ ಎಚ್ಚರ, ಕೌಶಲದಿಂದ ಕೆಲಸ ಮಾಡದಿದ್ದರೆ ಮತ್ತೆ ಮಾಡಿಕೊಡಿ, ಇಲ್ಲವೇ ಹಣ ಇಳಿಸಿ ಎಂದು 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಡಿ ಕೇಳಬಹುದು. ದಾವೆಗೆ ಸಾಮಾನ್ಯವಾಗಿ ಆರು ವರ್ಷ ಕಾಲಾವಕಾಶ. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ನ ಬಾಡಿಗೆ ಕಾನೂನುಗಳು ಪ್ರತ್ಯೇಕ. ಷೆಲ್ಟರ್ ಮತ್ತು ಸಿಟಿಜನ್ಸ್ ಅಡ್ವೈಸ್ ಸಂಸ್ಥೆಗಳು ಉಚಿತವಾಗಿ ಸಲಹೆ ಕೊಡುತ್ತವೆ.

ಅಲ್ಲಿರುವ ಬಂಧುಗಳಿಗೆ ಈ ವಿಷಯ ತಿಳಿಸಿ. ಅಕ್ಟೋಬರ್ ಮುಗಿಯುವುದರೊಳಗೆ ಅವರು ಮನೆಯ ಹಿಂದಕ್ಕೆ ಹೋಗಿ ಆ ಕೊಳವೆ ಎಲ್ಲಿದೆ, ಎಷ್ಟು ದಪ್ಪವಿದೆ, ಹೊದಿಕೆ ಇದೆಯೇ ಎಂದು ನೋಡಲಿ. ಹೊದಿಕೆ ಇಲ್ಲದಿದ್ದರೆ ಕೊಳವೆಯ ಫೋಟೊ ತೆಗೆದು, ಚಳಿ ಶುರುವಾಗುವ ಮೊದಲೇ ಸರಿಪಡಿಸಿಕೊಡಿ ಎಂದು ಮಾಲೀಕರಿಗೆ ಒಂದು ಇಮೇಲ್ ಕಳಿಸಲಿ.